ದೂರ ಒಂದೇ, ಹೋಗೋಕೆ 10 ಗಂಟೆ, ಬರೋಕೆ 12 ಗಂಟೆ ಯಾಕೆ?

ಪ್ರಶ್ನೆ: ಜನವರಿಯಲ್ಲಿ ಅಮ್ಮ ಟೋಕಿಯೊದ ನರಿತಾದಿಂದ ಲಾಸ್ ಏಂಜಲೀಸ್‌ಗೆ ಹೋಗಿ ಬರುತ್ತಾರೆ. ಎರಡೂ ನೇರ ವಿಮಾನ. ಹೋಗುವಾಗ 10 ಗಂಟೆ, ಬರುವಾಗ 12 ಅಂತ ಟಿಕೆಟ್‌ನಲ್ಲಿದೆ. ದೂರ ಎರಡೂ ಕಡೆ ಸುಮಾರು 8,800 ಕಿ.ಮೀ. ಅಲ್ವಾ? ಜೊತೆಗೆ, 2ನೇ ತಾರೀಕು ಸಂಜೆ 5ಕ್ಕೆ ಹೊರಟು ಅದೇ ದಿನ ಬೆಳಿಗ್ಗೆ 10ಕ್ಕೆ ಇಳಿಯುತ್ತಾರಂತೆ. ಟಿಕೆಟ್ ತಪ್ಪಾಗಿದೆಯಾ?

ಉತ್ತರ: ಟಿಕೆಟ್ ಸರಿಯಾಗಿದೆ ಸರ್. ನಾನು ಫ್ಲೈಟ್ ಡಿಸ್ಪ್ಯಾಚರ್. ವಿಮಾನದ ದಾರಿ, ಇಂಧನ ಲೆಕ್ಕ ಹಾಕುವುದೇ ನನ್ನ ಕೆಲಸ.

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಬರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ವಿಮಾನದ 900 ಕಿ.ಮೀ. ವೇಗ ಸುತ್ತಲಿನ ಗಾಳಿಗೆ ಹೋಲಿಸಿದ್ದು. ಆ ಗಾಳಿಯೇ ಓಡುತ್ತಿದ್ದರೆ? ಜಪಾನಿನ ಮೇಲೆ, ಸುಮಾರು 10 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ ಹರಿಯುತ್ತದೆ. ಚಳಿಗಾಲದಲ್ಲಿ ಅದು ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. 1920ರ ದಶಕದಲ್ಲೇ ವಾಸಬುರೊ ಓಯಿಶಿ ಎಂಬ ಜಪಾನಿ ಹವಾಮಾನ ತಜ್ಞರು ಬಲೂನು ಹಾರಿಸಿ ಈ ಗಾಳಿಯನ್ನು ಅಳೆದಿದ್ದರು. ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಬರೆದರು, ಓದಿದವರು ಕಡಿಮೆ. ನನಗೆ ಇವತ್ತಿಗೂ ಬೇಜಾರಾಗುವ ವಿಷಯ ಅದು.

ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಇದೆ ಅಂತಿಟ್ಟುಕೊಳ್ಳಿ. ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ, ನೆಲದ ಲೆಕ್ಕದಲ್ಲಿ ವೇಗ 1,000. ಹೆಚ್ಚು ಕಡಿಮೆ 9 ಗಂಟೆ. ಬರುವಾಗ ಎದುರು ಗಾಳಿ, ವೇಗ 800. 11 ಗಂಟೆ. ಟಿಕೆಟ್‌ನ ಸಮಯದಲ್ಲಿ ಗೇಟ್ ಬಿಟ್ಟು ರನ್‌ವೇವರೆಗೆ ಸಾಗುವುದು, ಇಳಿದ ಮೇಲೆ ಗೇಟ್ ಸೇರುವುದು ಎಲ್ಲವೂ ಸೇರಿರುತ್ತದೆ.

ಬರುವಾಗ ನಾವು ಎಷ್ಟೋ ಸಲ ಅಲಾಸ್ಕಾ ಬಳಿಯ ಅಲ್ಯೂಷಿಯನ್ ದ್ವೀಪಗಳ ಕಡೆಗೆ, ಉತ್ತರಕ್ಕೆ ದಾರಿ ಹಾಕುತ್ತೇವೆ. ದೂರ ಜಾಸ್ತಿ, ಆದರೂ ಎದುರು ಗಾಳಿ ತಪ್ಪಿದರೆ ಬೇಗ ತಲುಪಬಹುದು, ಇಂಧನವೂ ಉಳಿಯುತ್ತದೆ. ಹಾಗಾಗಿ ನಿನ್ನೆಯ ದಾರಿಯೇ ಇವತ್ತೂ ಇರುತ್ತದೆ ಅನ್ನುವಂತಿಲ್ಲ.

ಇನ್ನೊಬ್ಬ ಸದಸ್ಯರು: ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ ಮೇಡಂ, ಪಶ್ಚಿಮಕ್ಕೆ ಹೋಗುವ ವಿಮಾನವೇ ಬೇಗ ತಲುಪಬೇಕಲ್ವಾ?

ಉತ್ತರ: ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಓಡುವ ರೈಲಿನೊಳಗೆ ಮೇಲಕ್ಕೆ ಎಸೆದ ಚೆಂಡು ನಿಮ್ಮ ಕೈಗೇ ಬೀಳುತ್ತದಲ್ಲ, ಹಾಗೆ.

ಪ್ರಶ್ನೆ ಕೇಳಿದವರು: ಮತ್ತೆ ಆ ತಾರೀಕು?

ಉತ್ತರ: ಜನವರಿಯಲ್ಲಿ ಟೋಕಿಯೊ ಗಡಿಯಾರ 17 ಗಂಟೆ ಮುಂದಿರುತ್ತದೆ. ಟೋಕಿಯೊದಲ್ಲಿ 2ನೇ ತಾರೀಕು ಸಂಜೆ 5 ಆದಾಗ ಲಾಸ್ ಏಂಜಲೀಸ್‌ನಲ್ಲಿ 2ನೇ ತಾರೀಕು ಆಗಷ್ಟೇ ಶುರುವಾಗಿರುತ್ತದೆ, ಮಧ್ಯರಾತ್ರಿ 12. ಅದಕ್ಕೆ 10 ಗಂಟೆ ಸೇರಿಸಿ, ಬೆಳಿಗ್ಗೆ 10.

ವಾಪಸ್ ಬರುವಾಗ ಹುಷಾರು. ಅಮ್ಮ ಅಲ್ಲಿಂದ 10ನೇ ತಾರೀಕು ಮಧ್ಯಾಹ್ನ 12ಕ್ಕೆ ಹೊರಟರೆ ನರಿತಾದಲ್ಲಿ ಇಳಿಯುವುದು 11ರ ಸಂಜೆ 5ಕ್ಕೆ. ಕರೆದುಕೊಂಡು ಬರಲು 10ನೇ ತಾರೀಕಿಗೇ ಹೋಗಿ ಕಾಯಬೇಡಿ.

ಪ್ರಶ್ನೆ ಕೇಳಿದವರು: ಅಯ್ಯೋ, 10ಕ್ಕೇ ರಜೆ ಹಾಕಿದ್ದೆ ಮೇಡಂ! ಈಗಲೇ ಬದಲಾಯಿಸುತ್ತೇನೆ.