ಔಟ್‌ಲಾ ಬೈಕರ್, ಎಕ್ಸ್‌ಪ್ಲಾಯ್ಟೇಶನ್ ಸಿನಿಮಾ: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

1960ರ ದಶಕದ ಅಮೆರಿಕದ ಬೈಕರ್ ಸಿನಿಮಾಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇವನ್ನು ‘ಔಟ್‌ಲಾ ಬೈಕರ್ ಎಕ್ಸ್‌ಪ್ಲಾಯ್ಟೇಶನ್’ ಚಿತ್ರಗಳು ಅನ್ನುತ್ತಾರೆ. ನಿಘಂಟು ತೆಗೆದರೆ ಔಟ್‌ಲಾಗೆ ‘ದರೋಡೆಕೋರ’, ‘ಕಾನೂನುಬಾಹಿರ’ ಅಂತ ಇದೆ. ಎಕ್ಸ್‌ಪ್ಲಾಯ್ಟೇಶನ್‌ಗೆ ‘ಶೋಷಣೆ’. ಇವನ್ನು ಜೋಡಿಸಿ ಬರೆದರೆ ಓದುವವರಿಗೆ ಬೇರೆಯೇ ಅರ್ಥ ಹೋಗುತ್ತದೆ. ಆ ಸಿನಿಮಾಗಳ ಸೆಳೆತವೂ ಕೈತಪ್ಪುತ್ತದೆ.

ಮೊದಲು ಔಟ್‌ಲಾ. ಅಮೆರಿಕದಲ್ಲಿ ಮೋಟರ್‌ಸೈಕಲ್ ಸವಾರರದ್ದೇ ಒಂದು ದೊಡ್ಡ ಸಂಘ ಇದೆ. ಶುರುವಾದದ್ದು 1924ರಲ್ಲಿ. ಈ ಸಂಘದ ಒಪ್ಪಿಗೆ ಇಲ್ಲದೆ ನಡೆಯುವ ರೇಸಿಗೆ, ಸಂಘಕ್ಕೆ ಸೇರದ ಕ್ಲಬ್ಬಿಗೆ ‘ಔಟ್‌ಲಾ’ ಅನ್ನುತ್ತಿದ್ದರು. ಅಂದರೆ ಸಂಘದ ಲೆಕ್ಕಕ್ಕೆ ಬಾರದವರು, ಅಷ್ಟೇ. 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಅನ್ನುವ ಸಣ್ಣ ಊರಿಗೆ ಸಾವಿರಾರು ಸವಾರರು ನುಗ್ಗಿ ಕುಡಿದು ಗಲಾಟೆ ಮಾಡಿದರು. ಬಿಯರ್ ಬಾಟಲಿಗಳ ನಡುವೆ ಬೈಕ್ ಮೇಲೆ ಒರಗಿ ಕೂತವನ ಫೋಟೋ ‘ಲೈಫ್’ ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಈ ಪದಕ್ಕೆ ಭಯ ಅಂಟಿಕೊಂಡಿತು. 1953ರ ‘ದಿ ವೈಲ್ಡ್ ಒನ್’ ಸಿನಿಮಾದಲ್ಲಿ ನಟ ಮರ್ಲಾನ್ ಬ್ರಾಂಡೊ ಚರ್ಮದ ಜಾಕೆಟ್ ಹಾಕಿ ಟ್ರಯಂಫ್ ಬೈಕ್ ಏರಿದ ಮೇಲೆ ಭಯದ ಜೊತೆಗೆ ಆಸೆಯೂ ಸೇರಿತು.

ಈ ಎರಡೂ ಇರುವ ಪದ ಬೇಕು. ನನಗೆ ತೋಚಿದ್ದು ‘ಪುಂಡ’. ಪೇಟೆಯಲ್ಲಿ ಪುಂಡ ಅಂದರೆ ಬೈಗುಳ, ಪೊಲೀಸ್ ಸುದ್ದಿಯಲ್ಲಿ ಬರುವ ಮಾತು. ಆದರೆ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಅಭಿಮನ್ಯು, ಬಭ್ರುವಾಹನರಂಥ ಪಾತ್ರಗಳದ್ದು ‘ಪುಂಡುವೇಷ’. ಅಲ್ಲಿ ಅದು ಹರೆಯ, ಹುರುಪು, ಯಾರಿಗೂ ಬಗ್ಗದ ಕೆಚ್ಚು. ‘ಪುಂಡ ಬೈಕರ್’ ಅಂದರೆ ಎರಡೂ ಬರುತ್ತದೆ ಅಲ್ವಾ? ದರೋಡೆಕೋರ ಅಂದರೆ ಬರೋದಿಲ್ಲ.

ಕಷ್ಟ ಇರುವುದು ಎಕ್ಸ್‌ಪ್ಲಾಯ್ಟೇಶನ್‌ನಲ್ಲಿ. ಅಮೆರಿಕದ ಸಿನಿಮಾ ವ್ಯಾಪಾರದಲ್ಲಿ ಈ ಮಾತಿಗೆ ಮೊದಲಿದ್ದ ಅರ್ಥ ಪ್ರಚಾರ. ದೊಡ್ಡ ನಟರಿಲ್ಲ, ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಜನ ಮಾತಾಡಿಕೊಳ್ಳುತ್ತಿರುವ ವಿಷಯವನ್ನೇ ಹಿಡಿದು, ಅದರ ಮೇಲೆ ಪ್ರಚಾರ ಮಾಡಿ ಟಿಕೆಟ್ ಮಾರುವುದು. ಇಂಥ ಅಗ್ಗದ ಚಿತ್ರಗಳ ಕಂಪನಿ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್‌ನವರು ಎಷ್ಟೋ ಸಲ ಹೆಸರು, ಪೋಸ್ಟರ್ ಮೊದಲು ಮಾಡಿಕೊಂಡು ಆಮೇಲೆ ಕಥೆ ಬರೆಸುತ್ತಿದ್ದರು. ಅವರಿಗಾಗಿ ನಿರ್ದೇಶಕ ರೋಜರ್ ಕಾರ್ಮನ್ 1966ರಲ್ಲಿ ತೆಗೆದ ‘ದಿ ವೈಲ್ಡ್ ಏಂಜಲ್ಸ್’ ಹುಟ್ಟಿದ್ದೂ ಹಾಗೇ. ಬೈಕರ್ ಒಬ್ಬನ ಶವಯಾತ್ರೆಯ ಫೋಟೋ ಪತ್ರಿಕೆಯಲ್ಲಿ ನೋಡಿ ಅವನು ಕೆಲಸ ಶುರುಮಾಡಿದ. ಖರ್ಚು ಸುಮಾರು 3.6 ಲಕ್ಷ ಡಾಲರ್. ನಿಜವಾದ ಹೆಲ್ಸ್ ಏಂಜಲ್ಸ್ ಗ್ಯಾಂಗಿನವರನ್ನೇ ಕರೆದು ನಟನೆ ಮಾಡಿಸಿದ. ಗಳಿಕೆ ಖರ್ಚಿನ ಹತ್ತಾರು ಪಟ್ಟು ಆಯಿತು, ಬೆನ್ನಿಗೇ ಇಂಥ ಸಿನಿಮಾಗಳು ಸಾಲುಗಟ್ಟಿದವು. ಹೆಚ್ಚಿನವು ಡ್ರೈವ್-ಇನ್ ಅನ್ನುವ ಬಯಲು ಟಾಕೀಸುಗಳಲ್ಲಿ, ಕಾರೊಳಗೆ ಕೂತ ಹದಿಹರೆಯದವರ ಮುಂದೆ ಓಡಿದವು.

ಇದರಲ್ಲಿ ಯಾರ ಶೋಷಣೆಯೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೆಣ್ಣುಪಾತ್ರಗಳನ್ನು ಈ ಸಿನಿಮಾಗಳು ನಡೆಸಿಕೊಳ್ಳುವ ರೀತಿ ನೋಡಲಾಗುವುದಿಲ್ಲ. ಅದಕ್ಕೆ ‘ಶೋಷಣೆ’ ಸರಿಯಾದ ಪದವೇ. ಆದರೆ ಆ ವರ್ಗಕ್ಕೆ ಹೆಸರು ಬಂದದ್ದು ಅದರಿಂದಲ್ಲ.

‘ದಿ ವೈಲ್ಡ್ ಏಂಜಲ್ಸ್’ನ ಕೊನೆಗೆ ಬನ್ನಿ. ಚರ್ಚಿನಲ್ಲಿ ಗೆಳೆಯನ ಶವಪೆಟ್ಟಿಗೆ. ಮೇಲೆ ನಾಜಿ ಸ್ವಸ್ತಿಕದ ಬಾವುಟ. ನಿಮಗೆ ಏನು ಬೇಕು ಅಂತ ಪಾದ್ರಿ ಕೇಳುತ್ತಾನೆ. ನಮ್ಮ ಪಾಡಿಗೆ ನಮ್ಮ ಬೈಕ್ ಓಡಿಸಬೇಕು, ಯಾರೂ ಕಾಡಬಾರದು ಅನ್ನುತ್ತಾನೆ ನಾಯಕ ಪೀಟರ್ ಫೋಂಡಾ. ಆಮೇಲೆ ಅದೇ ಚರ್ಚನ್ನು ಗ್ಯಾಂಗು ಪುಡಿಮಾಡುತ್ತದೆ. ಸ್ಮಶಾನದಲ್ಲಿ ಪೊಲೀಸ್ ಸೈರನ್ ಕೇಳಿ ಎಲ್ಲರೂ ಓಡಿದರೆ ಅವನು ಮಾತ್ರ ನಿಂತು ಗುಂಡಿಗೆ ಮಣ್ಣು ಎಳೆಯುತ್ತಾನೆ, ಹೋಗೋಕೆ ಜಾಗವೇ ಇಲ್ಲ ಅನ್ನುತ್ತಾನೆ. ಸುಮ್ನೆ ಗಲ್ಲಾಪೆಟ್ಟಿಗೆಗಾಗಿ ಮಾಡಿದ ಸಿನಿಮಾದಲ್ಲಿ ಇಂಥ ಜಾಗಕ್ಕೆ ಬಂದು ಮುಟ್ಟುತ್ತೇವೆ. ನನ್ನನ್ನು ಹಿಡಿದಿರುವುದು ಇದು. ಮೂರು ವರ್ಷದ ಮೇಲೆ ಅದೇ ಫೋಂಡಾ ಡೆನ್ನಿಸ್ ಹಾಪರ್ ಜೊತೆ ಸೇರಿ ‘ಈಸಿ ರೈಡರ್’ ಮಾಡಿದಾಗ ಜಗತ್ತೇ ತಿರುಗಿ ನೋಡಿತು. ಅದರ ಬೇರು ಈ ಅಗ್ಗದ ಚಿತ್ರಗಳಲ್ಲೇ ಇದೆ.

ಈಗ ಪದಕ್ಕೆ ಬರೋಣ. ಕನ್ನಡದಲ್ಲಿ ಈ ಅರ್ಥಕ್ಕೆ ಸರಿಯಾದ ಮಾತು ಇದ್ದೇ ಇದೆ: ‘ಬಂಡವಾಳ ಮಾಡಿಕೊಳ್ಳು’. ಜನರ ಭಯವನ್ನು ಬಂಡವಾಳ ಮಾಡಿಕೊಂಡರು ಅಂದರೆ ಯಾರಿಗೂ ಅರ್ಥವಾಗುತ್ತದೆ. ಆದರೆ ಅದು ಕ್ರಿಯಾಪದ. ‘ಬಂಡವಾಳ ಚಿತ್ರ’ ಅಂದರೆ ದುಡ್ಡು ಹಾಕಿದ ಚಿತ್ರ ಅನ್ನಿಸುತ್ತದೆ. ‘ಮಸಾಲಾ ಚಿತ್ರ’ ನಮ್ಮಲ್ಲಿ ಹಾಡು, ಫೈಟು, ಕಾಮಿಡಿ ಎಲ್ಲ ಸೇರಿದ್ದಕ್ಕೆ ನಿಂತುಬಿಟ್ಟಿದೆ. ‘ಬಿ ಗ್ರೇಡ್’ ಅನ್ನುವುದು ದರ್ಜೆಯ ಮಾತು, ಬಗೆಯ ಮಾತಲ್ಲ. ‘ಕೆರಳಿಕೆಯ ಚಿತ್ರ’ ಸ್ವಲ್ಪ ಹತ್ತಿರ, ಆದರೆ ವ್ಯಾಪಾರದ ಅಂಶ ಬಿಟ್ಟುಹೋಗುತ್ತದೆ.

ಹಂಚಿಕೆದಾರರ ಜೊತೆ, ಹಳೆಯ ಟಾಕೀಸುಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ. ಪೋಸ್ಟರ್ ಬಲದ ಮೇಲೆ ಒಂದು ವಾರ ಓಡುವ ಸಿನಿಮಾಕ್ಕೆ ನಿಮ್ಮ ನಡುವೆ ಏನನ್ನುತ್ತಿದ್ದಿರಿ? ಕರಾವಳಿಯವರು ‘ಪುಂಡ’ದ ಬಗ್ಗೆಯೂ ಬರೆಯಿರಿ. ಮಾತಿನ ಬಳಕೆಯಲ್ಲಿ ಆ ಒಳ್ಳೆಯ ಅರ್ಥ ಈಗಲೂ ಇದೆಯಾ, ರಂಗಸ್ಥಳಕ್ಕೆ ಮಾತ್ರ ಉಳಿದಿದೆಯಾ?