8 ಸಾವಿರದಲ್ಲಿ ಆಲ್-ಗ್ರೇನ್ ಬಿಯರ್: ಮಾಡಿದವರು ಅನುಭವ ಹೇಳಿ

ಒಂಟಿಕೊಪ್ಪಲ್_ಮಹಡಿಮನೆ: ಅಮೆರಿಕದಲ್ಲಿದ್ದಾಗ ಗೆಳೆಯರ ಜೊತೆ ಎಕ್ಸ್‌ಟ್ರಾಕ್ಟ್ (ಮಾಲ್ಟ್‌ನ ಸಿದ್ಧ ಪಾಕ) ಡಬ್ಬಿಯಲ್ಲಿ ಬಿಯರ್ ಮಾಡುತ್ತಿದ್ದೆ. ಈಗ ಮೈಸೂರಲ್ಲಿ ಬಾಡಿಗೆ ಮನೆ. ಆಲ್-ಗ್ರೇನ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಮಾಲ್ಟ್‌ನಿಂದಲೇ ಮಾಡಬೇಕು ಅಂತ ಆಸೆ. ಸಲಕ್ಕೆ 10 ಲೀಟರ್ ಸಾಕು, ಒಟ್ಟು 8,000 ಮೀರುವಂತಿಲ್ಲ. ದುಡ್ಡು ಮೊದಲು ಯಾವುದಕ್ಕೆ ಹಾಕಲಿ? ಪಾತ್ರೆಗಾ, ಫ್ರಿಜ್‌ಗಾ, ಮಾಲ್ಟ್ ಒಡೆಯುವ ಮಿಲ್‌ಗಾ?

ಕುವೆಂಪುನಗರ_ಕೆಟಲ್: ಕಣ್ಣು ಮುಚ್ಚಿಕೊಂಡು ಫ್ರಿಜ್ ತಗೊಳ್ಳಿ. ನಾನು 30 ಲೀಟರ್ ಸ್ಟೀಲ್ ಪಾತ್ರೆಗೆ 3,800 ಕೊಟ್ಟೆ, ನಲ್ಲಿ ಕೂರಿಸಲು ಇನ್ನೊಂದು 650. ಆ ವೆಲ್ಡಿಂಗ್‌ನವನ ಕೆಲಸ ಹೇಗಿತ್ತು ಅಂದರೆ, ವರ್ಟ್ (ಮಾಲ್ಟ್‌ನಿಂದ ಬಸಿದ ಸಿಹಿ ನೀರು) ಕುದಿಯಲು ಶುರುವಾದ ಮೇಲೆ ನಲ್ಲಿಯ ಬುಡದಿಂದ ತೊಟ್ಟಿಕ್ಕಿ, ಒಲೆ ಮೇಲೆ ಸುಟ್ಟು, ಬರ್ನರ್ ತೂತುಗಳೆಲ್ಲ ಕಪ್ಪಗೆ ಕಟ್ಟಿಕೊಂಡವು. ಹೊಸ ಬರ್ನರ್‌ಗೆ 480. ಇಷ್ಟೆಲ್ಲ ಆದ ಮೇಲೂ ಬಿಯರ್ ಕೆಟ್ಟಿದ್ದು ಏಪ್ರಿಲ್ ಸೆಕೆಗೆ. ಮಾಮೂಲಿ ಏಲ್ (ಒಂದು ಬಗೆಯ ಬಿಯರ್) ಯೀಸ್ಟ್‌ಗೆ 18ರಿಂದ 20 ಡಿಗ್ರಿ ಬೇಕು, ನಮ್ಮ ಅಡುಗೆಮನೆ 31 ಇತ್ತು, ಹುದುಗುವಾಗ ಡ್ರಮ್ಮಿನೊಳಗೆ ಇನ್ನೂ ಏರುತ್ತದೆ. ಲೋಟ ಮೂಗಿನ ಹತ್ತಿರ ತಂದರೆ ನೇಲ್ ಪಾಲಿಶ್ ರಿಮೂವರ್ ವಾಸನೆ. ಅಷ್ಟನ್ನೂ ಮೋರಿಗೆ ಸುರಿದೆ. ಆಮೇಲೆ ಹಳೇ ಸಿಂಗಲ್ ಡೋರ್ ಫ್ರಿಜ್ 3,500, ಫ್ರಿಜ್ಜಿನ ಉಷ್ಣತೆ ಬೇಕಾದಷ್ಟಕ್ಕೆ ನಿಲ್ಲಿಸುವ ಎಸ್‌ಟಿಸಿ-1000 ಕಂಟ್ರೋಲರ್ 850, ಮನೆಗೆ ತರಲು ಆಟೋ 300. ಅಲ್ಲಿಂದ ಮುಂದೆ ಒಂದು ಬಾಟಲಿಯನ್ನೂ ಚೆಲ್ಲಿಲ್ಲ.

ಪಾಂಡವಪುರ_ಹೈದ: ಫ್ರಿಜ್ ಬೇಡವೇ ಬೇಡ. ಕ್ವೈಕ್ ಯೀಸ್ಟ್ ಅಂತ ಇದೆ, ನಾರ್ವೆ ಹಳ್ಳಿಗಳದ್ದು. 35 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತೆ. ತಳದ ಗಷ್ಟು ಒಣಗಿಸಿಟ್ಟುಕೊಂಡರೆ ಮುಂದಿನ ಸಲಕ್ಕೂ ಆಯಿತು, ಅಲ್ಲಿನವರು ಹಾಗೇ ಮಾಡುತ್ತಿದ್ದರು. ನನಗೆ ಕಾಟ ಕೊಟ್ಟಿದ್ದು ನೀರು. ನಮ್ಮದು ಬೋರ್‌ವೆಲ್, ಪೂರ್ತಿ ಗಡಸು. ಮ್ಯಾಶ್‌ನ (ಬಿಸಿ ನೀರಲ್ಲಿ ನೆನೆಸಿದ ಮಾಲ್ಟ್) ಪಿಎಚ್ 5.2ರಿಂದ 5.6ರೊಳಗೆ ಇರಬೇಕು, ನನ್ನದು 6ರ ಹತ್ತಿರ. ಪಿಎಚ್ ನೋಡುವ ಪಟ್ಟಿಗಳಿಗೇ 420 ಕೊಟ್ಟೆ. ಈಗ ಹಿಂದಿನ ದಿನವೇ ನೀರು ಕುದಿಸಿ ಆರಲು ಬಿಡುತ್ತೇನೆ. ಬೆಳಿಗ್ಗೆ ತಳದಲ್ಲಿ ಬಿಳೀ ಸುಣ್ಣ ಕೂತಿರುತ್ತೆ, ಮೇಲಿನ ನೀರು ಮಾತ್ರ ಬಸಿದುಕೊಳ್ಳುವುದು. ಗ್ಯಾಸ್ ಎಷ್ಟು ಹೋಗುತ್ತೆ ಲೆಕ್ಕ ಹಾಕಿ. ಮನೆ ನಲ್ಲೀಲಿ ಕಾವೇರಿ ಬರೋ ಮೈಸೂರಿನವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು.

ಕುವೆಂಪುನಗರ_ಕೆಟಲ್: ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ ಗುರು. ಹಾಗೇ ಬಳಸಿದರೆ ಬಿಯರ್ ಆಸ್ಪತ್ರೆ ವಾಸನೆ ಹೊಡೆಯುತ್ತೆ. ಇನ್ನು ನಿನ್ನ ಕ್ವೈಕ್, ನಾನೂ ಕುಡಿದು ನೋಡಿದ್ದೇನೆ. ಯಾವ ಬಿಯರ್ ಮಾಡಿದರೂ ಕಿತ್ತಳೆ ಸಿಪ್ಪೆಯ ವಾಸನೆ.

ಪಾಂಡವಪುರ_ಹೈದ: ನೀನು ಕುಡಿದಿದ್ದು ಕ್ವೈಕ್‌ನಲ್ಲಿ ವೋಸ್ ಅನ್ನೋ ತಳಿಯದ್ದು ಇರಬೇಕು, ಅದು ಹಾಗೇ. ಒಂದು ತಳಿ ನೋಡಿ ಎಲ್ಲದಕ್ಕೂ ತೀರ್ಪು ಕೊಡಬೇಡ.

ಸರಸ್ವತಿಪುರಂ_ನಿವೃತ್ತ: ಯಾರೂ ಮುಖ್ಯ ವಿಷಯ ಎತ್ತುತ್ತಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರೂ ಅದರಲ್ಲಿ ಬರುತ್ತದೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಬಂದು ಮನೆಯಲ್ಲಿ ಬಿಯರ್ ಮಾಡುವವರಿಗೆ ದಾರಿ ಸಲೀಸಾಯಿತು, ಇಲ್ಲಿ ಹಾಗಿಲ್ಲ. ನಾನು ಇದು ತಿಳಿದ ದಿನವೇ ನಿಲ್ಲಿಸಿದೆ. 3,200ರ ಪಾತ್ರೆ 1,100ಕ್ಕೆ ಹೋಯಿತು, ವರ್ಟ್ ತಣಿಸುವ ತಾಮ್ರದ ಕಾಯಿಲ್ ತೂಕಕ್ಕೆ ಹಾಕಿದೆ. ಹೊಟ್ಟೆ ಉರಿಯಿತು. ಆದರೂ ಬಾಡಿಗೆ ಮನೆಯಲ್ಲಿ ಇರುವವರು ಕೆಳಗಿನ ಓನರ್ ಮೂಗನ್ನು ಮರೆಯಬಾರದು, ವರ್ಟ್ ಕುದಿಯುವ ವಾಸನೆ ಬೀದಿಗೇ ಗೊತ್ತಾಗುತ್ತದೆ.

ಪಾಂಡವಪುರ_ಹೈದ: ಸಾರ್, ಮಾರುವವರನ್ನು ಬಿಟ್ಟು ಮನೇಲಿ ಹತ್ತು ಲೀಟರ್ ಮಾಡೋರನ್ನ ಹೆದರಿಸ್ತೀರಲ್ಲ.

ಸರಸ್ವತಿಪುರಂ_ನಿವೃತ್ತ: ಹೆದರಿಸುತ್ತಿಲ್ಲಪ್ಪ. ಕೇಸ್ ಆದರೆ ಅವರ ಜೊತೆ ನೀನು ಹೋಗಿ ನಿಲ್ಲುತ್ತೀಯಾ?

ಮದ್ದೂರು_ರಾಗಿ: ನಾನು ಅರ್ಧ ಬಾರ್ಲಿ, ಅರ್ಧ ರಾಗಿ ಹಾಕುತ್ತೇನೆ. ಬಾರ್ಲಿ ಮಾಲ್ಟ್ ಕೊರಿಯರ್ ಸೇರಿ ಕೆಜಿಗೆ 210 ಬಿತ್ತು, ಅದೂ ಚೀಲ ತೇವ ಹಿಡಿದು ಬಂದಿತ್ತು, ವಾಪಸ್ ತಗೊಳ್ಳಲಿಲ್ಲ. ರಾಗಿ ಮನೇದೇ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಬಿಸಿಲಿಗೆ ಒಣಗಿಸಿ ಬೇರು ಉಜ್ಜಿ ತೆಗೆಯುತ್ತೇನೆ. ಅದನ್ನು ನೇರವಾಗಿ 66 ಡಿಗ್ರಿ ಮ್ಯಾಶ್‌ಗೆ ಹಾಕಿದರೆ ಸರಿಯಾಗಿ ಸಕ್ಕರೆಯಾಗಲ್ಲ, ರಾಗಿ ಹಿಟ್ಟು ಬೇಯಲು ಇನ್ನೂ ಬಿಸಿ ಬೇಕು. ಮೊದಲು ಅಂಬಲಿ ಥರ ಬೇಯಿಸಿ, ಆರಿಸಿ, ಆಮೇಲೆ ಬಾರ್ಲಿ ಜೊತೆ ಸೇರಿಸುವುದು. ಒಂದು ಚಮಚ ತೆಗೆದು ಅಯೋಡಿನ್ ಹನಿ ಬಿಟ್ಟಾಗ ಕಪ್ಪು ನೀಲಿಗೆ ತಿರುಗದಿದ್ದರೆ ಆಯಿತು ಅಂತ ಅರ್ಥ. ಬಾಟಲಿಗೆ ಸಕ್ಕರೆ ಬದಲು ನಮ್ಮ ಆಲೆಮನೆ ಬೆಲ್ಲ, ಲೀಟರಿಗೆ 7 ಗ್ರಾಂ.

ಕುವೆಂಪುನಗರ_ಕೆಟಲ್: ಮೇಡಂ, ಅವರು ಕೇಳಿದ್ದು ಆಲ್-ಗ್ರೇನ್. ಬೆಲ್ಲ ಹಾಕಿದರೆ ಹೇಗೆ?

ಮದ್ದೂರು_ರಾಗಿ: ಗ್ಯಾಸ್ ಬರಲಿ ಅಂತ ಬಾಟಲಿಗೆ ನೀವು ಹಾಕೋದೂ ಸಕ್ಕರೆ ತಾನೆ? ಅದು ಕಬ್ಬಿಂದ ಬಂದಿದ್ದಲ್ವಾ? ರಾಗಿ ಅಂದ ತಕ್ಷಣ ಮೂಗು ಮುರಿಯೋರು ಮೈಸೂರಿನ ತುಂಬ ಇದ್ದಾರೆ.

ಒಂಟಿಕೊಪ್ಪಲ್_ಮಹಡಿಮನೆ: ದಯವಿಟ್ಟು ಮಿಲ್ ಬಗ್ಗೆ ಹೇಳಿ. ಹಿಟ್ಟಿನ ಗಿರಣಿಯಲ್ಲಿ ಆಗಲ್ವಾ?

ಪಾಂಡವಪುರ_ಹೈದ: ಗಿರಣಿಗೆ ಮಾತ್ರ ಹೋಗಬೇಡಿ. ಕಾಳು ಎರಡಾಗಿ ಮೂರಾಗಿ ಒಡೆದರೆ ಸಾಕು, ಹೊಟ್ಟು ಇಡಿಯಾಗಿ ಉಳಿಯಬೇಕು ಅಂತ ಎಷ್ಟು ಸಲ ಹೇಳಿದರೂ ನಮ್ಮೂರ ಗಿರಣಿಯವನು ನುಣ್ಣಗೆ ಬೀಸಿಬಿಟ್ಟ. ಅದಕ್ಕೆ ಮುಂಚೆ ಅದೇ ಕಲ್ಲಲ್ಲಿ ಖಾರದ ಪುಡಿ ಮಾಡಿದ್ದನಂತೆ. 2.5 ಕೆಜಿ ಮಾಲ್ಟ್, 525 ರೂಪಾಯಿ, ಹಸುವಿಗೂ ಹಾಕುವ ಹಾಗಿರಲಿಲ್ಲ. ಒಡೆದಿರೋ ಮಾಲ್ಟೇ ತರಿಸಿ, ಮಿಲ್ ದುಡ್ಡು ಉಳಿಯುತ್ತೆ.

ಕುವೆಂಪುನಗರ_ಕೆಟಲ್: ಒಡೆದ ಮಾಲ್ಟ್ ಬೇಗ ಮೆತ್ತಗಾಗುತ್ತೆ. ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಒಂದೊಂದು ಸೆಕೆಂಡ್ ತಿರುಗಿಸಿದರೆ ನಡೆಯುತ್ತೆ, ಬಟ್ಟೆ ಚೀಲದಲ್ಲೇ ಮ್ಯಾಶ್ ಮಾಡೋರಿಗೆ ಹಿಟ್ಟು ಸ್ವಲ್ಪ ಜಾಸ್ತಿಯಾದರೂ ತೊಂದರೆ ಇಲ್ಲ. ರಾಗಿ ಹಾಕಿದರೆ ಮಾತ್ರ ಚೀಲ ಕಟ್ಟಿಕೊಂಡು ಬಸಿಯುವುದೇ ಇಲ್ಲ. ಅದನ್ನು ಮೇಡಂ ಹೇಳಲಿಲ್ಲ.

ಮದ್ದೂರು_ರಾಗಿ: ಕೇಳಿದ್ದರೆ ಹೇಳುತ್ತಿದ್ದೆ. ರಾಗಿಗೆ ಬಾರ್ಲಿ ಥರ ಹೊಟ್ಟು ಇಲ್ಲ, ಅದಕ್ಕೇ ಕಟ್ಟಿಕೊಳ್ಳೋದು. ಎರಡು ಹಿಡಿ ಭತ್ತದ ಹೊಟ್ಟು ಸೇರಿಸಿ, ಸರಾಗವಾಗಿ ಬಸಿಯುತ್ತೆ. ಮಂಡ್ಯ ಕಡೆ ಯಾವ ರೈಸ್ ಮಿಲ್‌ಗೆ ಹೋದರೂ ಸಿಗುತ್ತೆ. ಧೂಳು ಜಾಸ್ತಿ ಇರುತ್ತೆ, ನೀರು ತಿಳಿಯಾಗೋವರೆಗೂ ತೊಳೆದು, ಒಂದು ಸಲ ಕುದಿಸಿ ಹಾಕಿ.