ಮನೆ ‘ಕೊಚ್ಚಿಹೋಯಿತು’ ಅಂದರೆ ಏನಾಯಿತು?

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. 1889ರ ಮೇ 31ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಣ್ಣಿನ ಅಣೆಕಟ್ಟೊಂದು ಒಡೆದು ಜಾನ್ಸ್‌ಟೌನ್ ಊರಿಗೆ ನೀರು ನುಗ್ಗಿತು. 2,200ಕ್ಕೂ ಜಾಸ್ತಿ ಜನ ಸತ್ತರು. ಮರದ ಮನೆಗಳು ತೇಲಿ ಬಂದು ಅಲ್ಲಿನ ಕಲ್ಲಿನ ಸೇತುವೆಗೆ ಒಟ್ಟಿಕೊಂಡವು. ‘ಮನೆಗಳು ಕೊಚ್ಚಿಹೋದವು’ ಅಂತ ಸುಮ್ನೆ ಬರೆದುಬಿಟ್ಟೆ. ಆಮೇಲೆ ಹೊಡೆದುಹಾಕಿದೆ.

ಕೊಚ್ಚು ಅಂದರೆ ಚೂರು ಮಾಡು ಅಲ್ವಾ? ಸೊಪ್ಪು ಕೊಚ್ಚುತ್ತೇವೆ. (ಜಂಬ ಯಾಕೆ ಕೊಚ್ಚುತ್ತಾರೋ, ಅದು ಬೇರೆ ಜಗಳ.) ಮಳೆ ನೀರು ಹೊಲದ ಮಣ್ಣನ್ನು ಕೊಚ್ಚಿಕೊಂಡು ಹೋದರೆ ಮಾತು ಸರಿ. ಆದರೆ ಮರದ ಮನೆಗೆ ಮೊದಲು ಆಗುವುದು ಬೇರೆ. ಒಂದು ಘನ ಮೀಟರ್ ನೀರಿನ ತೂಕ 1000 ಕೆ.ಜಿ. 100 ಚದರ ಮೀಟರಿನ ಮನೆಯ ತಳ ಅರ್ಧ ಮೀಟರ್ ಮುಳುಗಿ, ಒಳಗೆ ಇನ್ನೂ ನೀರು ಹೊಕ್ಕಿಲ್ಲ ಅಂದುಕೊಳ್ಳಿ. ಆಗ ನೀರು ಅದನ್ನು 50 ಟನ್ ಭಾರ ಎತ್ತುವಷ್ಟು ಜೋರಾಗಿ ಮೇಲೆ ನೂಕುತ್ತದೆ. ಪಾಯಕ್ಕೆ ಬೋಲ್ಟ್ ಹಾಕಿ ಬಿಗಿದಿರದಿದ್ದರೆ ಮನೆ ದೋಣಿಯಂತೆ ಏಳುತ್ತದೆ. ಉಳಿದದ್ದು ಸೆಳವಿನ ಕೆಲಸ. ಸೆಳವಿನ ವೇಗ ಎರಡು ಪಟ್ಟಾದರೆ ಅದರ ಹೊಡೆತ ನಾಲ್ಕು ಪಟ್ಟು. ಕೊನೆಗೆ ಮನೆ ಹೋಗಿ ಪಾಯ ಉಳಿಯುತ್ತದೆ.

ನಮ್ಮ ಕಡೆ ಇದು ತಿರುವುಮುರುವು. ನಮ್ಮೂರು ಬಾಗಲಕೋಟೆ ಜಿಲ್ಲೆ, ಮಲಪ್ರಭೆ ದಂಡೆ. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ನಮ್ಮ ದೊಡ್ಡಪ್ಪನ ಮನೆ ನೀರು ನಿಂತಷ್ಟು ದಿನ ನಿಂತೇ ಇತ್ತು. ನೀರು ಇಳಿದ ಮೇಲೆ ಬಿತ್ತು. ಮಣ್ಣಿನ ಗೋಡೆಯ ಬುಡ ನೆನೆದು ಮೆತ್ತಗಾಗಿತ್ತು, ಮಾಳಿಗೆ ಮಣ್ಣು ನೀರು ಕುಡಿದು ಭಾರವಾಗಿತ್ತು. ಜಂತಿಗಳೆಲ್ಲ ಒಳಗೇ ಕುಸಿದವು. ಹೊಸ್ತಿಲು ಮಾತ್ರ ಅಲ್ಲೇ, ಅರಿಷಿಣ ಕುಂಕುಮದ ಗುರುತಿನ ಮೇಲೆ ರಾಡಿ ಮೆತ್ತಿಕೊಂಡು. ನಮ್ಮವ್ವ ಅಂದದ್ದು, “ಮನಿ ಹರದ ಹೋಗಿಲ್ಲೋ ತಮ್ಮಾ, ಕುಂತೈತಿ.”

ಇದು ಬರೀ ಪದದ ಜಗಳ ಅಲ್ಲ. ಹಾನಿ ಬರೆದುಕೊಳ್ಳಲು ಬಂದವರೊಬ್ಬರು ‘ಕೊಚ್ಚಿಹೋಗಿದೆ’ ಅಂತ ಗೀಚಿ ಹೋದರು. ಎರಡನೇ ಸಲ ಬಂದವರು ಮಣ್ಣಿನ ಗುಡ್ಡೆ ತೋರಿಸಿ, “ಎಲ್ಲಿ ಹೋಗೇತ್ರಿ, ಇಲ್ಲೇ ಐತಲ್ಲ” ಅಂದರು. ದೊಡ್ಡಪ್ಪ ಮತ್ತೆ ಮೂರು ಸಲ ಅಲೆದ.

ಹಾಗಾಗಿ ನಮ್ಮ ಮನೆಗಳಿಗೆ ‘ಕುಂತಿತು’ ಇರಲಿ, ‘ಕುಸಿಯಿತು’ ಅಂದರೂ ನಡೆಯುತ್ತದೆ. ಬುಡದ ಮಣ್ಣನ್ನು ನೀರು ತಿಂದು ಮೂಲೆ ಜಾರಿದರೆ ‘ಕೊರೆದು ಕೆಡವಿತು’. ಜಾನ್ಸ್‌ಟೌನಿನ ಮರದ ಮನೆಗೆ ಏನು? ‘ಬುನಾದಿಯಿಂದ ಕಿತ್ತುಹೋಯಿತು’ ಅಂದರೆ ಹಲ್ಲು ಕಿತ್ತ ಹಾಗೆ, ಬುಡಸಮೇತ ಬಂತು ಅನಿಸುತ್ತದೆ. ಬುನಾದಿಯೇ ಅಲ್ಲಿ ಉಳಿದಿದೆಯಲ್ಲ! ‘ಅಡಿಪಾಯದಿಂದ ಸ್ಥಳಾಂತರಗೊಂಡಿತು’ ಅಂದರೆ ಕಚೇರಿ ಬದಲಿಸಿದಂತೆ.

ನನಗೆ ಹೊಳೆದದ್ದು ‘ಪಾಯ ಬಿಟ್ಟಿತು’. ದೋಣಿ ದಂಡೆ ಬಿಟ್ಟಿತು ಅನ್ನುತ್ತೇವಲ್ಲ, ಹಾಗೆ. ರೈಲು ಹಳಿ ತಪ್ಪಿದ ಹಾಗೆ ‘ಪಾಯ ತಪ್ಪಿತು’ ಕೂಡ ಆದೀತು, ಆದರೆ ಅದರಲ್ಲಿ ತೇಲುವುದು ಕಾಣುವುದಿಲ್ಲ. ಮೈಸೂರು, ಮಂಗಳೂರು ಕಡೆಯವರಿಗೆ ‘ಪಾಯ ಬಿಟ್ಟಿತು’ ಅಂದರೆ ಏನು ತೋಚುತ್ತದೆ? ಗೋಡೆ ಬಿರುಕು ಬಿಟ್ಟಿತು ಅಂತ ಓದಿಕೊಳ್ಳುತ್ತೀರಾ? ಹೊಳೆ, ಕಡಲ ದಂಡೆಯ ಊರುಗಳಲ್ಲಿ ಬೇರೆ ಮಾತಿದ್ದರೆ ತಿಳಿಸಿ.